ಹೆಸರಿಗಿಂತ ಹಿಂದಿನವರು

ನೆಲದಲ್ಲಿ ಆಳವಾಗಿ ಕುಣಿ ತೋಡಿ, ಅದರ ಒಳಮೈಗೆ ಒಣಹುಲ್ಲು ಹೊಂದಿಸಿ, ವರ್ಷದ ಜೋಳವನ್ನು ಸುರಿದು, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮುಚ್ಚುವ ಪದ್ಧತಿ ನಮ್ಮ ಉತ್ತರದ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದದ್ದು. ಅಂಥ ಕುಣಿಯನ್ನು ಅಲ್ಲಿಯವರು ಹಗೇವು ಎನ್ನುತ್ತಾರೆ. ನನ್ನ ಸೋದರಮಾವನ ಮನೆಯಂಗಳದಲ್ಲಿ ಇಂಥದೊಂದು ಹಗೇವು ಇದ್ದಿತು. ಅದನ್ನು ತೆರೆದ ದಿನ ಯಾರೂ ಕೂಡಲೆ ಒಳಗಿಳಿಯುತ್ತಿರಲಿಲ್ಲ. ಮೊದಲು ಕಂದೀಲಿಗೆ ಹಗ್ಗ ಕಟ್ಟಿ ಕೆಳಕ್ಕೆ ಬಿಡುವುದು, ದೀಪ ಆರದೆ ಉರಿದರೆ ಮಾತ್ರ ಆಳು ಇಳಿಯತಕ್ಕದ್ದು, ಆರಿತೆಂದರೆ ಕೆಟ್ಟ ಗಾಳಿ ಹೊರಟುಹೋಗುವ ತನಕ ಕಾಯತಕ್ಕದ್ದು ಎಂಬುದು ಮನೆಯ ಕಟ್ಟಳೆಯಾಗಿದ್ದಿತು. ಇದನ್ನು ತೋಡಿದವರು ಯಾರೆಂದು ನಾನೊಮ್ಮೆ ಕೇಳಿದಾಗ ಮಾವ, “ಯಾರ್ ತಗದಾರೋ ಏನೋ ತಮ್ಮಾ, ಹಿಂದಿನವ್ರು,” ಎಂದಷ್ಟೆ ಹೇಳಿ ಕಂದೀಲಿನ ಬತ್ತಿಯನ್ನು ಏರಿಸತೊಡಗಿದ. ಹಿಂದಿನವರು ಎಂಬ ಆ ಒಂದು ಮಾತಿನಲ್ಲಿ ಕುಲವಿಲ್ಲ, ಗೋತ್ರವಿಲ್ಲ, ಶಕವರ್ಷವಿಲ್ಲ. ಆದರೂ ಅದರಲ್ಲಿ ಸುಳ್ಳೂ ಇಲ್ಲವೆಂಬುದು ನನಗೆ ಹೊಳೆದದ್ದು ಬಹುಕಾಲದ ಮೇಲೆ, ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ ದ್ಮಾನಿಸಿ ಎಂಬ ಪುಟ್ಟ ಊರಿನ ವೃತ್ತಾಂತವನ್ನು ಓದುತ್ತಿದ್ದಾಗ. ಏಕೆಂದರೆ ಆ ಊರಿನ ಕೀರ್ತಿಯೆಲ್ಲ ಆರಂಭವಾದದ್ದೂ ಒಂದು ಹಗೇವಿನಿಂದಲೇ.

ಜಾರ್ಜಿಯ ದೇಶದ ರಾಜಧಾನಿ ಟಿಬಿಲಿಸಿಯಿಂದ ನೈಋತ್ಯಕ್ಕೆ ಸುಮಾರು 90 ಕಿಲೊಮೀಟರು ಸಾಗಿದರೆ, ಸಾವಿರ ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ, ಮೂರು ಸಾವಿರ ಜನರೂ ಇಲ್ಲದ ದ್ಮಾನಿಸಿ ಪಟ್ಟಣ ಸಿಕ್ಕುತ್ತದೆ. ಅಲ್ಲಿಂದ ತುಸು ದೂರದಲ್ಲಿ ಮಶಾವೆರಾ, ಪಿನೆಜೌರಿ ಎಂಬ ಎರಡು ಹೊಳೆಗಳು ಕೂಡುವೆಡೆ, ಮೂಗಿನಂತೆ ಮುಂಚಾಚಿದ ಕಡಿದಾದ ದಿಣ್ಣೆಯ ಮೇಲೆ, ಹಳೆಯ ದ್ಮಾನಿಸಿಯ ಅವಶೇಷಗಳಿವೆ: 6ನೆಯ ಶತಮಾನದ ಸಿಯೋನಿ ದೇವಾಲಯ, ಕುಸಿದ ಕೋಟೆ, ಸ್ನಾನಗೃಹಗಳ ಅಡಿಪಾಯ, ಮನೆಗಳ ಸಾಲು. ಮಧ್ಯಯುಗದಲ್ಲಿ ವಣಿಕರ ಸಾರ್ಥಗಳು ತಂಗುತ್ತಿದ್ದ ಸಂಪನ್ನ ನಗರವಾಗಿದ್ದ ಇದು ಸೆಲ್ಜುಕ್ ತುರ್ಕರನ್ನು ಕಂಡಿತು, ಮಂಗೋಲರನ್ನು ಕಂಡಿತು, ತೈಮೂರನ ದಂಡನ್ನು ಕಂಡಿತು, ಕಡೆಗೆ ಪಾಳುಬಿದ್ದಿತು. ಈ ನಗರದ ಗೃಹಸ್ಥರೂ ನಮ್ಮ ರೈತರಂತೆಯೇ ಮನೆಯ ನೆಲದಲ್ಲಿ ಧಾನ್ಯದ ಕುಣಿಗಳನ್ನು ತೋಡುತ್ತಿದ್ದರು. 1930ರ ದಶಕದಿಂದಲೂ ಇಲ್ಲಿ ಮಧ್ಯಯುಗದ ಶೋಧನೆ ನಡೆದೇ ಇದ್ದಿತು. 1983ರಲ್ಲಿ ಅಂಥದೊಂದು ಕುಣಿಯಲ್ಲಿ ಕಾಣಿಸಿದ ಪ್ರಾಣಿಯ ಹಲ್ಲನ್ನು ಅಬೆಸಲೋಮ್ ವೆಕುವಾ ಎಂಬ ಪ್ರಾಗ್ಜೀವಿವಿಜ್ಞಾನಿ ಪರೀಕ್ಷಿಸಿ ನೋಡಲು, ಅದು ಲಕ್ಷಾಂತರ ವರ್ಷಗಳ ಹಿಂದೆಯೇ ಅಳಿದುಹೋದ ಒಂದು ಜಾತಿಯ ಖಡ್ಗಮೃಗದ್ದೆಂದು ತಿಳಿದುಬಂತು. ಮಧ್ಯಯುಗದವರು ಧಾನ್ಯಕ್ಕೆಂದು ತೋಡಿದ ಕುಣಿ, ಅವರ ಅರಿವಿಗೇ ಬಾರದಂತೆ, ಹದಿನೆಂಟು ಲಕ್ಷ ವರ್ಷಗಳ ಕೆಳಗಿನ ಮಣ್ಣಿಗೆ ಹೋಗಿ ಮುಟ್ಟಿದ್ದಿತು. ಮರುವರ್ಷ ಕಲ್ಲಿನ ಉಪಕರಣಗಳು ದೊರೆತುವು. 1991ರ ಸೆಪ್ಟೆಂಬರಿನಲ್ಲಿ, ಕತ್ತಿಹಲ್ಲಿನ ಮಾರ್ಜಾಲವೊಂದರ ಎಲುಬುಗಳ ಕೆಳಗೆ, ಮಾನವಸದೃಶವಾದ ದವಡೆಯೊಂದು ಹಲ್ಲುಗಳ ಸಮೇತ ಹೊರಬಂತು. ಅನಂತರದ ಹದಿನೈದು ವರ್ಷಗಳೊಳಗೆ ಐದು ತಲೆಬುರುಡೆಗಳೂ, ತೋಳು, ತೊಡೆ, ಪಾದ, ಬೆನ್ನೆಲುಬಿನ ಅಸ್ಥಿಗಳೂ ಅದೇ ದಿಣ್ಣೆಯಿಂದ ಬಂದುವು. ಆಫ್ರಿಕದ ಹೊರಗೆ, ಇಷ್ಟು ಪ್ರಾಚೀನವಾದ ಮಾನವಾಸ್ಥಿಗಳು ಇಷ್ಟು ಸಂಖ್ಯೆಯಲ್ಲಿ ಒಂದೇ ಸ್ಥಳದಲ್ಲಿ ದೊರೆತ ಉದಾಹರಣೆ ಬೇರೊಂದಿಲ್ಲ.

ವಯಸ್ಸನ್ನು ಗೊತ್ತುಮಾಡಿದ ಬಗೆಯೂ ಸ್ವಾರಸ್ಯವಾಗಿದೆ. ದಿಣ್ಣೆಯ ತಳದಲ್ಲಿ ಕಪ್ಪು ಬಸಾಲ್ಟ್ ಶಿಲೆಯ ಹಾಸಿದೆ. ಅದು ಸುಮಾರು 18.5 ಲಕ್ಷ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸ. ಬಹುಕಾಲ ಬಿಸಿಲು ಮಳೆಗಳಿಗೆ ಮೈಯೊಡ್ಡಿದ ಬಂಡೆ ಸವೆಯಲೇಬೇಕಷ್ಟೆ. ಈ ಹಾಸು ಹೆಚ್ಚು ಸವೆದಿಲ್ಲವಾದುದರಿಂದ, ಎಲುಬುಗಳನ್ನು ಒಳಗೊಂಡ ಬೂದಿಮಣ್ಣು ಅದರ ಮೇಲೆ ಬೇಗನೆ ಬಂದು ಕುಳಿತಿರಬೇಕೆಂದು ಊಹಿಸಬಹುದು. ಅದಲ್ಲದೆ ಭೂಮಿಯ ಅಯಸ್ಕಾಂತದ ದಿಕ್ಕು ಕಾಲಕಾಲಕ್ಕೆ ತಿರುಗುಮುರುಗಾಗುವುದುಂಟು, ಮಣ್ಣಿನ ಕಣಗಳು ಆ ದಿಕ್ಕನ್ನು ಮರೆಯದೆ ಹಿಡಿದಿಟ್ಟುಕೊಳ್ಳುವುದುಂಟು. ದ್ಮಾನಿಸಿಯ ಕೆಳಪದರಗಳಲ್ಲಿ ಒಂದು ದಿಕ್ಕೂ ಮೇಲ್ಪದರಗಳಲ್ಲಿ ಅದರ ವಿರುದ್ಧ ದಿಕ್ಕೂ ದಾಖಲಾಗಿರುವುದರಿಂದ, 17.8 ಲಕ್ಷ ವರ್ಷಗಳಷ್ಟು ಹಿಂದೆ ಜರುಗಿದ ಒಂದು ತಿರುವಿಗೆ ಆ ಎಲುಬುಗಳ ಕಾಲ ಹತ್ತಿಕೊಂಡಿದೆಯೆಂದು ನಿರ್ಣಯವಾಯಿತು. ಇಷ್ಟು ದೃಢವಾದ ಕಾಲನಿರ್ಣಯ ಈ ಶಾಸ್ತ್ರದಲ್ಲಿ ಎಲ್ಲಕ್ಕೂ ದೊರೆಯತಕ್ಕದ್ದಲ್ಲ. ದ್ಮಾನಿಸಿಯ ವಿವಾದಗಳಿಗೆ ಕಾಲವು ಕಾರಣವಲ್ಲ. ನನಗೆ ತೋರುವಮಟ್ಟಿಗೆ, ಅವುಗಳಲ್ಲಿ ಬಹುಪಾಲು ನಾವು ಅವಸರದಿಂದ ಮಾಡಿದ ನಾಮಕರಣಗಳಿಂದ ಹುಟ್ಟಿದವು.

ಊರಿನ ಹೆಸರನ್ನೇ ಮೊದಲು ತೆಗೆದುಕೊಳ್ಳೋಣ. ಇಂದಿನ ಪಟ್ಟಣ 1947ರವರೆಗೆ ಬಾಷ್ಕಿಚೆತಿ ಎಂಬ, ತುರ್ಕಿ ಮೂಲದ ಹೆಸರನ್ನು ಹೊತ್ತಿದ್ದಿತು. ಪಾಳುನಗರದ ಪುರಾತನ ನಾಮವನ್ನು ಅದಕ್ಕೆ ತೊಡಿಸಿದ್ದು ಆಮೇಲೆ. ಸುತ್ತಣ ಹಳ್ಳಿಗಳಲ್ಲಿ ಅಜರ್ಬೈಜಾನಿ ಭಾಷೆಯಾಡುವವರೇ ಹೆಚ್ಚು. ಪಟ್ಟಣದ ಜಾರ್ಜಿಯನರಲ್ಲಿಯೂ ಕೆಲವರು ಉತ್ತರದ ಸ್ವಾನೆತಿಯ ಮಲೆಗಳಲ್ಲಿ ಹಿಮಕುಸಿತಕ್ಕೆ ಮನೆಮಠ ಕಳೆದುಕೊಂಡು ಬಂದು ನೆಲೆಸಿದವರು. ಅಂತು ಇದು ಬಂದವರ ಊರು, ಹೋದವರ ಊರು. ಇಂಥ ಸ್ಥಳದಲ್ಲಿ ಎಲುಬುಗಳು ದೊರೆತೊಡನೆ ಅವಕ್ಕೆ ಸಂದ ಬಿರುದು “ಪ್ರಥಮ ಯುರೋಪಿಯನರು” ಎಂಬುದು. ಎರಡು ಬುರುಡೆಗಳಿಗೆ ಮುಖಗಳನ್ನು ಪುನರ್ನಿರ್ಮಿಸಿ, ಜೆಜ್ವಾ ಎಂದು ಗಂಡಿಗೂ ಮ್ಜಿಯಾ ಎಂದು ಹೆಣ್ಣಿಗೂ ಜಾರ್ಜಿಯದ ಮನೆಮಾತಿನ ಹೆಸರುಗಳನ್ನಿಟ್ಟರು. ಇದರ ಹಿಂದಣ ಭಾವನೆ ಅರ್ಥವಾಗದ್ದೇನಲ್ಲ. 1991ರ ಏಪ್ರಿಲಿನಲ್ಲಿ ಸ್ವಾತಂತ್ರ್ಯವನ್ನು ಸಾರಿದ ದೇಶ ಅದು. ಅದೇ ಸೆಪ್ಟೆಂಬರಿನಲ್ಲಿ ದವಡೆ ದೊರೆಯಿತು. ಅದೇ ಡಿಸೆಂಬರಿನಲ್ಲಿ ರಾಜಧಾನಿಯ ಬೀದಿಗಳಲ್ಲಿಯೇ ಅಂತರ್ಯುದ್ಧ ಹೊತ್ತಿಕೊಂಡಿತು. ದೀಪವಿಲ್ಲದೆ, ಕೂಳಿಲ್ಲದೆ ಕಂಗೆಟ್ಟ ಜನಾಂಗಕ್ಕೆ ನೆಲದೊಳಗಿನಿಂದ ಒಂದು ಹಿರಿಮೆ ಎದ್ದುಬಂದರೆ ಅದನ್ನು ಎದೆಗವಚಿಕೊಳ್ಳದೆ ಇದ್ದೀತೆ? ಆ ದಿನಗಳಲ್ಲಿ ಅಗೆತವನ್ನು ಕೈಬಿಡದೆ ನಡೆಸಿದ ಡೇವಿಡ್ ಲಾರ್ಡ್‌ಕಿಪಾನಿಡ್ಜೆ, ಲಿಯೊ ಗಬೂನಿಯಾ, ವೆಕುವಾ ಇವರುಗಳ ಧೃತಿಯನ್ನು ಕುರಿತು ನನಗೆ ಗೌರವವೇ ಇದೆ.

ಆದರೂ ಬಿರುದು ಬಿರುದೇ. ಅದನ್ನು ವಿಚಾರದ ಒರೆಗಲ್ಲಿಗೆ ಹಚ್ಚದೆ ಬಿಡಲಾಗದು. ಯುರೋಪು ಏಷ್ಯಾಗಳ ಎಲ್ಲೆಯನ್ನು ಭೂಗೋಳದ ಬಹುತೇಕ ಪುಸ್ತಕಗಳಲ್ಲಿರುವಂತೆ ಕಾಕಸಸ್ಸಿನ ನೆತ್ತಿಯ ಮೇಲೆ ಎಳೆದರೆ ದ್ಮಾನಿಸಿ ಏಷ್ಯದಲ್ಲಿಯೇ ಉಳಿಯುತ್ತದೆ. ಇರಲಿ, ಗೆರೆಯೇನು, ಇಂದು ಇಲ್ಲಿ, ನಾಳೆ ಅಲ್ಲಿ. ಗೆರೆಗಿಂತ ಮುಖ್ಯವಾದದ್ದು ವಂಶದ ಪ್ರಶ್ನೆ. ತಲೆಮಾರಿಗೆ 25 ವರ್ಷವೆಂದು ಹಿಡಿದರೂ ಆ ದಿಣ್ಣೆಯವರಿಗೂ ನಮಗೂ ನಡುವೆ 70 ಸಾವಿರ ತಲೆಮಾರುಗಳು ಉರುಳಿಹೋಗಿವೆ. ಅವರ ಸಂತತಿ ಅಲ್ಲಿಗೇ ನಿಂತಿರಬಹುದು. ನಿಲ್ಲದೆ ಮುಂದುವರಿದಿದ್ದರೆ, ಇಷ್ಟು ದೀರ್ಘವಾದ ಅವಧಿಯಲ್ಲಿ ಅದು ಎಲ್ಲ ಮನುಷ್ಯರ ರಕ್ತದಲ್ಲಿಯೂ ಕೂಡಿಕೊಂಡಿರಲೇಬೇಕು. ಆಗ ಜೆಜ್ವಾ ಟಿಬಿಲಿಸಿಯವನಿಗೆ ಎಷ್ಟು ಅಜ್ಜನೋ ಇಂಡಿಯ ಜೋಳದ ಹೊಲದವನಿಗೂ, ದ್ಮಾನಿಸಿಯ ಪಕ್ಕದ ಹಳ್ಳಿಯ ಅಜರ್ಬೈಜಾನಿ ಕುರುಬನಿಗೂ ಅಷ್ಟೇ ಅಜ್ಜ. ಯಾರಿಗೂ ಅಲ್ಲದವನು, ಇಲ್ಲವೆ ಎಲ್ಲರಿಗೂ ಸಲ್ಲುವವನು. ಒಬ್ಬರಿಗೆ ಮಾತ್ರ ಸಲ್ಲತಕ್ಕ ಮೂರನೆಯ ದಾರಿ ತರ್ಕದಲ್ಲಿ ಇಲ್ಲ. ನದೀಮೂಲ ಋಷಿಮೂಲಗಳನ್ನು ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದ್ದನ್ನು ಅಂಜುಬುರುಕರ ಮಾತೆಂದು ನಾನು ಹಿಂದೆ ಬಗೆದಿದ್ದೆ. ಮೂಲವನ್ನು ಹುಡುಕಬಹುದು, ಹುಡುಕಲೂ ಬೇಕು. ಹುಡುಕಿ ಮುಟ್ಟಿದ ಮೇಲೆ ಅಲ್ಲಿ ನಮ್ಮ ಒಬ್ಬರ ಹೆಸರಿನ ಕಲ್ಲು ನೆಡಹೋದರೆ ಮಾತ್ರ ನಗೆಪಾಟಲಾಗುತ್ತೇವೆ.

ಜನಸಾಮಾನ್ಯರು ಭಾವಾವೇಶದಲ್ಲಿ ಎಡವಿದರೆ, ಪಂಡಿತರು ಶಾಸ್ತ್ರದ ಹೆಸರಿನಲ್ಲಿ ಎಡವುತ್ತಾರೆ. ಈ ಮಾತಿಗೆ ದ್ಮಾನಿಸಿಯಷ್ಟು ಸೊಗಸಾದ ನಿದರ್ಶನ ಮತ್ತೊಂದು ದೊರೆಯಲಾರದು. 2000ದಲ್ಲಿ ಅಲ್ಲಿ ಒಂದು ಭಾರಿ ದವಡೆ ಸಿಕ್ಕಿತು. ಅದರ ಗಾತ್ರ ಮಿಕ್ಕ ಅಸ್ಥಿಗಳ ಪಕ್ಕದಲ್ಲಿ ಎಷ್ಟು ವಿಲಕ್ಷಣವಾಗಿ ಕಂಡಿತೆಂದರೆ, 2002ರಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ಹೋಮೊ ಜಾರ್ಜಿಕಸ್ ಎಂಬ ಹೊಸ ಮಾನವಜಾತಿಯನ್ನು ಘೋಷಿಸಿದರು. 2005ರಲ್ಲಿ ಐದನೆಯ ಬುರುಡೆ ದೊರೆಯಿತು. ಆ ದವಡೆಯನ್ನು ಈ ಬುರುಡೆಗೆ ಜೋಡಿಸಿ ನೋಡಿದರೆ ಹೊಂದಿಕೊಂಡಿತು! ಭಾರಿ ದವಡೆಗೆ ತಕ್ಕ ಭಾರಿ ತಲೆಯೊಂದು ಇದ್ದೀತೆಂಬ ಎಣಿಕೆ ತಲೆಕೆಳಗಾಯಿತು: ಮುಖ ದೊಡ್ಡದು, ಮುಂಚಾಚಿದ್ದು, ಹುಬ್ಬಿನ ಏಣು ದಪ್ಪ, ಆದರೆ ಮಿದುಳಿನ ಗೂಡು 546 ಘನ ಸೆಂಟಿಮೀಟರು, ಐದರಲ್ಲಿಯೂ ಅತ್ಯಂತ ಚಿಕ್ಕದು. ನಮ್ಮ ಮಿದುಳು ಸುಮಾರು 1350 ಎಂಬುದನ್ನು ನೆನೆದರೆ ಅದರ ಅಲ್ಪತೆ ವಿಶದವಾದೀತು. ಉಳಿದ ನಾಲ್ಕು ಬುರುಡೆಗಳಲ್ಲಿ ಹಿರಿದಾದುದು 700ನ್ನು ಮೀರುತ್ತದೆ. ಈ ಐದೂ ಐದು ಬೇರೆ ಬೇರೆ ದೇಶಗಳಲ್ಲಿ ದೊರೆತಿದ್ದರೆ ಐದಕ್ಕೂ ಬೇರೆ ಬೇರೆ ಜಾತಿನಾಮಗಳು ಬಂದಿರುತ್ತಿದ್ದುವೆಂಬುದರಲ್ಲಿ ಸಂದೇಹ ಕಡಮೆ. ದೈವವಶಾತ್ ಒಂದೇ ದಿಣ್ಣೆಯಲ್ಲಿ, ಒಂದೇ ಕಾಲದ ಮಣ್ಣಿನಲ್ಲಿ ದೊರೆತುವು. ಲಾರ್ಡ್‌ಕಿಪಾನಿಡ್ಜೆಯವರ ತಂಡ 2013ರಲ್ಲಿ ಲೆಕ್ಕ ಹಾಕಿ, ಇವುಗಳ ನಡುವಣ ಅಂತರ ಇಂದಿನ ಯಾವುದೇ ಐವರು ಮನುಷ್ಯರ, ಇಲ್ಲವೆ ಐದು ಚಿಂಪಾಂಜಿಗಳ ನಡುವಣ ಅಂತರವನ್ನು ಮೀರುವುದಿಲ್ಲವೆಂದು ಸಾರಿತು. ಒಂದು ಮದುವೆಯ ಪಂಕ್ತಿಯನ್ನು ನೆನೆಯಿರಿ: ಆರಡಿಯ ಭಾವ, ಅವನ ಮಗ್ಗುಲಿಗೆ ಮೊಳದುದ್ದದ ಚಿಕ್ಕತ್ತೆ, ಅಗಲ ದವಡೆಯ ಪುರೋಹಿತ, ಇನ್ನೂ ಹಾಲುಹಲ್ಲು ಬೀಳದ ಹುಡುಗ. ಆ ಚಪ್ಪರ ನೆಲದೊಳಗೆ ಹುದುಗಿ, ಲಕ್ಷಾಂತರ ವರ್ಷಗಳ ಮೇಲೆ ಯಾವನೋ ಅಗೆದು ತೆಗೆದರೆ, ಅವರೆಲ್ಲ ಬೀಗರೆಂದು ಅವನಿಗೆ ಹೇಳುವವರಾರು?

ಹೋಮೊ ಜಾರ್ಜಿಕಸ್ ನಾಮವನ್ನು ಇಟ್ಟವರಲ್ಲಿ ಇಬ್ಬರು ಈ 2013ರ ಪ್ರಬಂಧದ ಲೇಖಕರಲ್ಲಿಯೂ ಇದ್ದರು. ಜಾತಿನಾಮವನ್ನು ಹಿಂತೆಗೆದುಕೊಂಡು ಅವರು ಹೋಮೊ ಎರೆಕ್ಟಸ್ ಎರ್ಗಾಸ್ಟರ್ ಜಾರ್ಜಿಕಸ್ ಎಂಬ ನಾಲ್ಕು ಪದಗಳ ಬಾಲವುಳ್ಳ ಹೆಸರನ್ನು ಸೂಚಿಸಿದಾಗ ನನಗೆ ನಗೆಯೂ ಬಂತು, ಮೆಚ್ಚಿಕೆಯೂ ಆಯಿತು: ಇಟ್ಟ ಹೆಸರನ್ನು ಪೂರ್ತಿ ಬಿಟ್ಟುಕೊಡಲಾರದ ಮಮಕಾರಕ್ಕೆ ನಗೆ, ತಮ್ಮ ಮಾತನ್ನು ತಾವೇ ತಿದ್ದಿಕೊಂಡ ಪ್ರಾಮಾಣಿಕತೆಗೆ ಮೆಚ್ಚಿಕೆ. ಅವರು ಅಷ್ಟಕ್ಕೇ ನಿಲ್ಲದೆ, ಆಫ್ರಿಕದ ಹ್ಯಾಬಿಲಿಸ್, ರುಡಾಲ್ಫೆನ್ಸಿಸ್ ಮೊದಲಾದವುಗಳೂ ಬೇರೆ ಜಾತಿಗಳಾಗದೆ ಒಂದೇ ಬಳ್ಳಿಯ ಕುಡಿಗಳಾಗಿರಬಹುದೆಂದು ವಾದಿಸಿದರು. ಇಯಾನ್ ಟಾಟರ್ಸಾಲ್, ಜೆಫ್ರಿ ಶ್ವಾರ್ಟ್ಸ್ ಮುಂತಾದವರು ಇದನ್ನು ಒಪ್ಪಲಿಲ್ಲ. ದ್ಮಾನಿಸಿಯೊಂದರಲ್ಲಿಯೇ ಒಂದಕ್ಕಿಂತ ಹೆಚ್ಚು ಜಾತಿಗಳು ಇದ್ದಿರಬಹುದೆಂದು ಅವರ ಪಕ್ಷ. ತಲೆಯ ಒಟ್ಟು ಆಕಾರದಲ್ಲಿನ ಅಂತರ ಸಣ್ಣದೆಂದ ಮಾತ್ರಕ್ಕೆ ಹಲ್ಲಿನ, ದವಡೆಯ ಸೂಕ್ಷ್ಮ ಲಕ್ಷಣಗಳನ್ನು ಕಡೆಗಣಿಸಲಾಗದೆಂಬ ಆಕ್ಷೇಪಕ್ಕೆ ಬಲವುಂಟು, ಮತ್ತು ಆಫ್ರಿಕದ ಎಲುಬುಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬುವುದು ನನಗೂ ಸಾಹಸವಾಗಿಯೇ ತೋರುತ್ತದೆ. ಆದರೆ ಒಂದು ದಿಣ್ಣೆಯ ಐದು ತಲೆಗಳ ಮಟ್ಟಿಗೆ ನಾನು ಒಂದೇ ಪಂಕ್ತಿಯೆನ್ನುವವರ ಕಡೆಗೆ ವಾಲುತ್ತೇನೆ. ಭೇದವನ್ನು ಸಾಧಿಸಹೊರಟವನೇ ಪ್ರಮಾಣವನ್ನೂ ಒದಗಿಸಬೇಕಲ್ಲವೆ?

ಇಂಥ ನಾಮಸಂಕಟ ನಮ್ಮ ದೇಶಕ್ಕೂ ಬಾರದೆ ಇಲ್ಲ. 1982ರಲ್ಲಿ ಮಧ್ಯಪ್ರದೇಶದ ಹಥನೋರಾ ಗ್ರಾಮದ ಬಳಿ ಅರುಣ್ ಸೊನಾಕಿಯಾ ಅವರಿಗೆ ದೊರೆತ ಬುರುಡೆಯ ತುಣುಕು “ನರ್ಮದಾ ಮಾನವ”ನೆಂದು ಖ್ಯಾತವಾಯಿತು. ಮೊದಲು ಅದಕ್ಕೆ ನರ್ಮದೆಯ ಹೆಸರನ್ನೇ ಸೇರಿಸಿ ಎರೆಕ್ಟಸ್ಸಿನ ಒಂದು ಉಪಜಾತಿಯೆಂದರು, ಆಮೇಲೆ ಸೇಪಿಯನ್ಸಿನ ಪ್ರಾಚೀನ ರೂಪವಿರಬೇಕೆಂದರು. ಅದು ಗಂಡಲ್ಲ, ಹೆಣ್ಣಿನದೆಂದು ಹೇಳಿದ ತಜ್ಞರೂ ಇದ್ದಾರೆ. ಕನ್ನಡ ನಾಡಿನಲ್ಲಿ ಈ ಗೊಡವೆಯೇ ಇಲ್ಲ: ಹುಣಸಗಿಯ ಬಯಲಿನ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆದು ತೆಗೆದ ಸುಣ್ಣಕಲ್ಲಿನ ಕೈಕೊಡಲಿಗಳಿಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಹೇಳುತ್ತಾರೆ, ಕಲ್ಲನ್ನು ಕೆತ್ತಿ ಬಿಸುಟ ಚಕ್ಕೆಗಳೂ ಕೆತ್ತಿದವನು ಕುಳಿತಿದ್ದ ಜಾಗದಲ್ಲಿಯೇ ಬಿದ್ದಿವೆ, ಆದರೆ ಕೆತ್ತಿದವನ ಒಂದು ಹಲ್ಲೂ ದೊರೆತಿಲ್ಲ. ಅವನು ನಮ್ಮ ಪಾಲಿಗೆ ಹಿಂದಿನವನಾಗಿಯೇ ಉಳಿದಿದ್ದಾನೆ.

ದ್ಮಾನಿಸಿಯ ಮೂರನೆಯ ನಾಮಕರಣವೇ ಎಲ್ಲಕ್ಕಿಂತ ಮನೋಹರವಾದದ್ದು, ಆದುದರಿಂದ ಎಲ್ಲಕ್ಕಿಂತ ಹೆಚ್ಚು ಎಚ್ಚರವನ್ನು ಬೇಡುವಂಥದು. 2002ರಲ್ಲಿ ದೊರೆತ ನಾಲ್ಕನೆಯ ಬುರುಡೆ ಬೊಚ್ಚುಬಾಯಿಯದು. ಕೆಳದವಡೆಯ ಒಂದೇ ಒಂದು ಕೋರೆಹಲ್ಲನ್ನು ಬಿಟ್ಟು ಮಿಕ್ಕೆಲ್ಲವೂ ಬದುಕಿದ್ದಾಗಲೇ ಉದುರಿಹೋಗಿವೆ. ಸತ್ತ ಮೇಲೆ ಹಲ್ಲು ಕಳಚಿದರೆ ಗೂಡು ಹಾಗೆಯೇ ತೆರೆದಿರುತ್ತದೆ. ಇಲ್ಲಿ ಗೂಡುಗಳೆಲ್ಲ ಮುಚ್ಚಿ, ಎಲುಬು ಕರಗಿ, ದವಡೆ ಬಾಣಂತಿಯ ಕೂಸಿನ ವಸಡಿನಂತೆ ನಯವಾಗಿ ತೆಳುವಾಗಿದೆ. ಹಾಗಾಗಬೇಕಾದರೆ ಹಲ್ಲು ಹೋದ ಮೇಲೂ ಕೆಲವು ವರ್ಷ ಆ ಜೀವ ಉಂಡು ಬದುಕಿರಬೇಕು. ಹಸಿಮಾಂಸವೂ ಗಡ್ಡೆಗೆಣಸೂ ಆಹಾರವಾಗಿದ್ದ, ಕತ್ತಿಹಲ್ಲಿನ ಮಾರ್ಜಾಲಗಳೂ ಹಿರಿಗಾತ್ರದ ಕತ್ತೆಕಿರುಬಗಳೂ ಸುಳಿದಾಡುತ್ತಿದ್ದ ಆ ಕಣಿವೆಯಲ್ಲಿ ಬೊಚ್ಚುಬಾಯಿಯ ಮುದಿಜೀವ ಒಬ್ಬಂಟಿಯಾಗಿ ಹೇಗೆ ಉಳಿದೀತು? ಯಾರೋ ಜಗಿದೋ ಜಜ್ಜಿಯೋ ಉಣಿಸಿರಬೇಕು. ಇದೇ ಜಗತ್ತಿನ ಮೊದಲ ಕರುಣೆ! ಹೀಗೆ ಮಾತು ಬೆಳೆಯಿತು, ಪತ್ರಿಕೆಗಳಲ್ಲಿ ಹರಡಿತು. ನನ್ನ ಅಜ್ಜಿಯೂ ಕಡೆಯ ಹನ್ನೆರಡು ವರ್ಷ ಬೊಚ್ಚುಬಾಯಿಯಲ್ಲಿಯೇ ಕಳೆದವಳಾದುದರಿಂದ ಈ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು.

ಅಜ್ಜಿಯ ತಲೆಗಿಂಬಿನ ಬಳಿ ಒಂದು ಕುಟ್ಟಾಣಿ ಇರುತ್ತಿದ್ದಿತು. ಊಟವಾದೊಡನೆ ಎಲೆ, ಅಡಿಕೆಯ ಪುಡಿ, ಸವರಿದಷ್ಟು ಸುಣ್ಣ ಇವನ್ನು ಅದರೊಳಗೆ ಹಾಕಿ, ಕಬ್ಬಿಣದ ಕಡ್ಡಿಯಿಂದ ಟಕ್ ಟಕ್ಕೆಂದು ಕುಟ್ಟಿ, ಕೆಂಪಗಾದುದನ್ನು ಬೆರಳ ತುದಿಯಿಂದ ತೆಗೆದು ವಸಡಿಗೆ ಒತ್ತಿಕೊಳ್ಳುವಳು. ನಾವು ಕುಟ್ಟಿಕೊಡುತ್ತೇವೆಂದರೆ ಒಪ್ಪುತ್ತಿರಲಿಲ್ಲ. ನಮ್ಮ ಕೈಯ ಹದ ಅವಳಿಗೆ ಸರಿಬಾರದು. ಆ ದಿಣ್ಣೆಯಲ್ಲಿಯೂ ಕುಟ್ಟುವುದಕ್ಕೆ ಹೊಳೆಗಲ್ಲುಗಳ ಬಡತನವಿರಲಿಲ್ಲವಷ್ಟೆ. ಕಲ್ಲಿನಿಂದ ಎಲುಬನ್ನು ಒಡೆದರೆ ಮಜ್ಜೆಯುಂಟು, ಮಿದುಳುಂಟು, ಜಜ್ಜಿದ ಹಣ್ಣುಕಾಯಿಗಳುಂಟು. ಇವಕ್ಕೆ ಹಲ್ಲೇ ಬೇಕೆಂದಿಲ್ಲ. ಕಾಡಿನ ಚಿಂಪಾಂಜಿಗಳಲ್ಲಿಯೂ ಇತರ ವಾನರಗಳಲ್ಲಿಯೂ ಹಲ್ಲು ಕಳೆದುಕೊಂಡ ಬಳಿಕ ಬದುಕಿದ ಮುದಿಗಳು ಇವೆಯೆಂದು ಡೇವಿಡ್ ಡಿಗುಸ್ತಾ ಎಂಬ ವಿದ್ವಾಂಸರು ಬೇರೊಂದು ದವಡೆಯ ಪ್ರಸಂಗದಲ್ಲಿ ತೋರಿಸಿಕೊಟ್ಟಿದ್ದರು. ಹೀಗಿರುವಲ್ಲಿ ಬೊಚ್ಚುದವಡೆಯೊಂದರಿಂದ ಕರುಣೆಯನ್ನು ಸಾಧಿಸಹೊರಡುವುದು ತರ್ಕದ ಮಿತಿಯನ್ನು ದಾಟಿದಂತೆಯೇ. ಕರುಣೆ ಇರಲೇ ಇಲ್ಲವೆಂದು ಸಾಧಿಸಲೂ ಅದೇ ದವಡೆ ಸಾಲದು. ನನ್ನ ಅಜ್ಜಿ ತಾನೇ ಕುಟ್ಟಿಕೊಳ್ಳುತ್ತಿದ್ದಳೆಂಬುದು ನಿಜ. ಎಲೆಯನ್ನು ತೋಟದಿಂದ ತಂದುಕೊಡುತ್ತಿದ್ದವರು ಯಾರು, ಅಡಿಕೆಯನ್ನು ಪುಡಿಮಾಡಿ ಡಬ್ಬಿಗೆ ತುಂಬುತ್ತಿದ್ದವರು ಯಾರು ಎಂಬುದನ್ನು ಅವಳ ದವಡೆಯೆಲುಬು ಹೇಳಲಾರದು.

ಹಾಗಾದರೆ ಹೆಸರೇ ಬೇಡವೆ, ನಾಮವಿಲ್ಲದೆ ವ್ಯವಹಾರ ನಡೆದೀತೆ, ಹೆಸರಿಟ್ಟು ಬೇರ್ಪಡಿಸದೆ ಶಾಸ್ತ್ರವೆಂಬುದು ಹುಟ್ಟೀತೆ ಎಂದು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದು. ನನ್ನ ತಕರಾರು ಹೆಸರಿನ ಮೇಲಲ್ಲ, ಹೆಸರು ತನ್ನ ಯೋಗ್ಯತೆಗಿಂತ ಹೆಚ್ಚಿನ ಹೊರೆಯನ್ನು ಹೊತ್ತು ನಿಲ್ಲುವುದರ ಮೇಲೆ. ಐದನೆಯ ಬುರುಡೆಗೆ ವಸ್ತುಸಂಗ್ರಹಾಲಯದ ಪಟ್ಟಿಯಲ್ಲಿ ಡಿ 4500 ಎಂದು ಗುರುತು; ಅದರ ದವಡೆಗೆ ಡಿ 2600 ಎಂದು. ಈ ಅಂಕಿಗಳು ದೇಶಾಭಿಮಾನವನ್ನು ಕೆರಳಿಸವು, ಕಂಬನಿಯನ್ನು ತರಿಸವು. ಆದರೆ 2002ರಿಂದ 2013ರವರೆಗೆ ಉಳಿದ ಹೆಸರುಗಳೆಲ್ಲ ಬದಲಾದರೂ ಇವು ಕದಲಲಿಲ್ಲ. ಜಾತಿನಾಮವಾದರೋ ಹಗ್ಗದ ತುದಿಯ ಕಂದೀಲಿದ್ದಂತೆ: ಕತ್ತಲೆಯೊಳಗೆ ಇಳಿಬಿಟ್ಟು, ಉರಿಯುವುದೋ ಆರುವುದೋ ಎಂದು ನೋಡಿ, ಆರಿದರೆ ಮೇಲಕ್ಕೆ ಎಳೆದುಕೊಳ್ಳತಕ್ಕದ್ದು. ಕಂದೀಲಿಗಿಂತ ಮೊದಲು ನಾವೇ ಧುಮುಕಿದರೆ ಉಸಿರುಕಟ್ಟುವುದು ಸಹಜ.

ಹೆಸರುಗಳ ಈ ಗದ್ದಲದಲ್ಲಿ ದ್ಮಾನಿಸಿ ನಿಸ್ಸಂದೇಹವಾಗಿ ಕಲಿಸಿದ್ದು ಹಿಂದೆ ಸರಿದುಹೋಯಿತಲ್ಲಾ ಎಂಬುದು ನನ್ನ ಕೊರಗು. ಮಾನವನು ಆಫ್ರಿಕವನ್ನು ಬಿಟ್ಟು ಹೊರಡಬೇಕಾದರೆ ಅವನಿಗೆ ಹಿರಿದಾದ ಮಿದುಳೂ, ನೀಳವಾದ ಮೈಕಟ್ಟೂ, ಕುಶಲವಾಗಿ ಕೆತ್ತಿದ ಕೈಕೊಡಲಿಯೂ ಬೇಕಾಗಿದ್ದಿರಬೇಕೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಈ ಕಣಿವೆಯವರ ಎತ್ತರ 145ರಿಂದ 166 ಸೆಂಟಿಮೀಟರು, ತೂಕ 40ರಿಂದ 50 ಕಿಲೊ. ಮಿದುಳು ನಮ್ಮ ಅರ್ಧದ ಆಸುಪಾಸು. ಉಪಕರಣಗಳೆಂದರೆ ಹೊಳೆಗಲ್ಲನ್ನು ಹೊಡೆದು ಎಬ್ಬಿಸಿದ ಒರಟು ಚಕ್ಕೆಗಳು. ಇಷ್ಟೇ ಬಂಡವಾಳದಿಂದ ಅವರು ಸಾವಿರಾರು ಮೈಲಿ ದೂರದ, ಚಳಿಗಾಲವುಳ್ಳ ಮಲೆಸೀಮೆಗೆ ಬಂದು ಬಾಳಿದರು. ಕಾಲುಗಳು ಮಾತ್ರ ದೀರ್ಘವಾದ ನಡಿಗೆಗೆ ನಮ್ಮವುಗಳಂತೆಯೇ ಅಳವಟ್ಟಿದ್ದುವು. ಅವರಿಗಿಂತ ಮುಂಚೆಯೇ, 21 ಲಕ್ಷ ವರ್ಷಗಳ ಹಿಂದೆ, ಚೀನದ ಶಾಂಗ್‌ಚೆನ್‌ನಲ್ಲಿ ಯಾರೋ ಕಲ್ಲು ಕೆತ್ತಿದ ಗುರುತುಗಳು 2018ರಲ್ಲಿ ಪ್ರಕಟವಾದುವು. ಅಲ್ಲಿ ಎಲುಬಿಲ್ಲ, ಕಲ್ಲಷ್ಟೆ. ಪ್ರಥಮರೆಂಬ ಬಿರುದು ಅಷ್ಟರಮಟ್ಟಿಗೆ ಆಗಲೇ ಸಡಿಲವಾಗಿದೆ.

ದ್ಮಾನಿಸಿಯ ದಿಣ್ಣೆಯ ಬಹುಭಾಗ ಇಂದಿಗೂ ಅಗೆಯದೆ ಉಳಿದಿದೆ. ತೋಡಿದ ಜಾಗಕ್ಕೆ ಈಗ ವಿಶಾಲವಾದ ಮಾಡನ್ನು ಕಟ್ಟಿದ್ದಾರೆ. ಅದರ ನೆರಳಿನಲ್ಲಿ ಬೇಸಗೆಯ ದಿನಗಳಲ್ಲಿ ವಿದ್ಯಾರ್ಥಿಗಳು ಮಂಡಿಯೂರಿ ಕುಳಿತು, ಕುಂಚದಿಂದ ಮಣ್ಣು ಸರಿಸುತ್ತಾರೆ. ನನ್ನ ಮನಸ್ಸು ಮಾತ್ರ ಆ ಬುರುಡೆಗಳಿಗಿಂತ ಹೆಚ್ಚಾಗಿ, ಮೊದಲು ಕುಣಿ ತೋಡಿದ ಆ ಗೃಹಸ್ಥನ ಬಳಿಗೆ ಮರಳಿ ಮರಳಿ ಹೋಗುತ್ತದೆ. ಮಣ್ಣಿನೊಡನೆ ಕೆಲವು ಎಲುಬುಗಳನ್ನೂ ಅವನು ಮೇಲಕ್ಕೆತ್ತಿರಬೇಕು; ಒಂದನ್ನು ಕೈಯಲ್ಲಿ ಹಿಡಿದು, ಕಲ್ಲಿನಷ್ಟು ತೂಕವಿರುವುದನ್ನು ಕಂಡು ತುಸುಹೊತ್ತು ಬೆರಗಾಗಿಯೂ ಇದ್ದಿರಬೇಕು. ಆಮೇಲೆ ಅದನ್ನು ಬುಟ್ಟಿಯ ಮಣ್ಣಿನೊಡನೆ ಹೊಳೆಯ ಕಡೆಗೆ ಚೆಲ್ಲಿ, ಕುಣಿಯ ಗೋಡೆಯನ್ನು ನಯಮಾಡಿ, ಆ ವರ್ಷದ ಧಾನ್ಯವನ್ನು ಒಳಗೆ ಸುರಿದನು.